ಬೀದಿಗೆ ಬೀದಿ ಕೂಡಬೇಕು

ಊರು ಬೆಳೆಯಿತೆಂದರೆ ಮನೆಗಳು ಹೆಚ್ಚಿದುವೆಂದೇ ನಾವು ತಿಳಿಯುತ್ತೇವೆ. ಆ ಮನೆಗಳಿಗೆ ಒಂದರಿಂದ ಇನ್ನೊಂದಕ್ಕೆ ನೇರವಾದ ದಾರಿಯಿದೆಯೆ ಎಂದು ಕೇಳುವವರು ವಿರಳ. ಊರಿನ ಯೋಗ್ಯತೆಯನ್ನು ಅಳೆಯಲು ಇದೇ ಮುಖ್ಯವಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಬೆಂಗಳೂರನ್ನೇ ನೋಡೋಣ. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ತರುವಾಯ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮುಖ್ಯರಸ್ತೆಗಳನ್ನು ಅಡ್ಡರಸ್ತೆಗಳು ಸಾಲಾಗಿ ಕೂಡುತ್ತವೆ. ಒಂದು ಬೀದಿಯಲ್ಲಿ ತೇರು ನಿಂತರೆ ಪಕ್ಕದ ಬೀದಿಯಲ್ಲಿ ಹೋಗಬಹುದು. ನಗರವು ಸುತ್ತಣ ಹಳ್ಳಿಗಳತ್ತ ಹಬ್ಬಿದಾಗ ಎಷ್ಟೋ ಕಡೆ ಈ ಕ್ರಮ ತಪ್ಪಿತು. ಒಬ್ಬೊಬ್ಬರು ತಮ್ಮ ತಮ್ಮ ಹೊಲವನ್ನು ನಿವೇಶನಗಳಾಗಿ ಮಾಡಿ ಮಾರಿದರು. ಹೊಲದ ಬದುವಿಗೆ ಬಂದು ಬೀದಿಯೂ ನಿಂತಿತು. ಅನಂತರ, ಸುತ್ತ ಗೋಡೆ ಕಟ್ಟಿ ಕಾವಲಿಟ್ಟ ಬಡಾವಣೆಗಳು ಬಂದುವು. ಒಳಗಿನವರೆಲ್ಲ ಒಂದೇ ಹೆದ್ದಾರಿಗೆ ಬಂದು ಬೀಳಬೇಕಾಯಿತು. ರಸ್ತೆಯ ದಟ್ಟಣೆಗೆ ವಾಹನಗಳ ಸಂಖ್ಯೆಯೊಂದೇ ಕಾರಣವಲ್ಲ.

ಈ ಚಾಳಿ ನಮ್ಮ ಊರಿಗೂ ಬಂದಿದೆ. ನನ್ನ ತಾಯಿ ಕೆಲಸ ಮಾಡುವ ಮನೆಯ ಮಹಡಿ ನಮ್ಮ ಹಿತ್ತಲಿನಿಂದ ಕಾಣುತ್ತದೆ. ಆದರೆ ನಡುವೆ ಗೋಡೆಯಿದೆ. ಅದನ್ನು ಬಳಸಿ ಹೋಗಲು ಅರ್ಧ ಗಂಟೆ ಬೇಕು. ಕಾರುಳ್ಳವರಿಗೆ ಆ ಸುತ್ತು ಎರಡು ನಿಮಿಷದ ಮಾತು. ನಡೆಯುವವರಿಗೆ ದಿನವೂ ತೆರಬೇಕಾದ ತೆರಿಗೆ.

ಕೊನೆ ಮುಚ್ಚಿದ ಬೀದಿಯಲ್ಲಿ ಮಕ್ಕಳು ನಿರ್ಭಯವಾಗಿ ಆಡಬಹುದು, ಕಳ್ಳರ ಕಾಟ ಕಡಿಮೆ ಎಂದು ಕೆಲವರು ವಾದಿಸುವರು. ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಮೋಟಾರನ್ನು ತಡೆಯಲು ಮನುಷ್ಯನನ್ನೇಕೆ ತಡೆಯಬೇಕು? ಹಿಂದಿನ ಕೋಟೆಗಳಿಗೂ ದಿಡ್ಡಿ ಬಾಗಿಲಿರುತ್ತಿತ್ತಲ್ಲ!

ಮನೆಯನ್ನು ಕೆಡವಿ ಕಟ್ಟಬಹುದು. ಬೀದಿಯ ಗೆರೆ ಸುಲಭವಾಗಿ ಅಳಿಯುವುದಿಲ್ಲ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ 1811ರ ನಕ್ಷೆಯ ಬೀದಿಗಳಲ್ಲೇ ಜನ ಇಂದಿಗೂ ಓಡಾಡುತ್ತಾರೆ. ಹಾಗೆಂದು ನಿರಾಶರಾಗಬೇಕಿಲ್ಲ. ಬ್ಯಾರಿಂಗ್ಟನ್-ಲೀ, ಮಿಲರ್ಡ್-ಬಾಲ್ ಎಂಬ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಮೆರಿಕದ ಹೊಸ ಬಡಾವಣೆಗಳಲ್ಲಿ ಬೀದಿಗಳು ಒಂದಕ್ಕೊಂದು ಕೂಡದಿರುವ ಕೆಟ್ಟ ರೂಢಿ 1994ರ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಇಳಿಯತೊಡಗಿತು. ಅವರು ತಿದ್ದಿಕೊಳ್ಳಬಹುದಾದರೆ ನಾವೇಕೆ ಆರಂಭದಲ್ಲೇ ಎಚ್ಚರವಾಗಬಾರದು?

ಹೊಸ ಬಡಾವಣೆಗೆ ಅನುಮತಿ ಕೊಡುವಾಗ, ಅದರ ಬೀದಿಗಳು ನೆರೆಯ ಬೀದಿಗಳನ್ನು ಕೂಡಲೇಬೇಕೆಂದು ವಿಧಿಸಲಿ. ಈಗಿರುವ ಗೋಡೆಗಳಲ್ಲಿ ನಡೆಯುವವರಿಗಾಗಿ ಒಂದೊಂದು ಬಾಗಿಲು ತೆರೆಯಲಿ. ನಾಳೆ ನಮ್ಮಲ್ಲಿ ಕೆಲವರು ಅಧಿಕಾರಿಗಳಾಗುವೆವು. ನಕ್ಷೆಗೆ ಸಹಿ ಹಾಕುವ ಮುನ್ನ ಗೋಡೆಯ ಆಚೆ ನಿಂತವರನ್ನು ನೆನೆಯೋಣ.