ಸಿಮೆಂಟಿನ ಎತ್ತು, ಬಿಸಿ ರೊಟ್ಟಿ

ಬಾಗಿಲ ಬದಿಗೆ ಸಿಮೆಂಟಿನ ಜೋಡೆತ್ತು ನಿಂತಿದ್ದವು. ಕೋಡಿಗೆ ಕೆಂಪು ಬಣ್ಣ, ಕೊರಳಿಗೆ ಗೆಜ್ಜೆಸರ, ಹಿಂದೆ ಯಾವುದೋ ಊರಿಂದ ತಂದು ನಿಲ್ಲಿಸಿದ ನಿಜವಾದ ಹಳೇ ಚಕ್ಕಡಿ. ಅಣ್ಣನ ಮಗ ಓಡಿಹೋಗಿ ಬಲಗಡೆಯ ಎತ್ತಿನ ಬೆನ್ನೇರಿ ಕೂತ. ಅಪ್ಪ ಮೆಟ್ಟಿಲ ಕೆಳಗೇ ನಿಂತ. ನಮ್ಮ ಮನೆಯ ಕೊನೆಯ ಜೋಡಿಯನ್ನು ಮಾರಿ ಆರು ವರ್ಷವಾಯಿತು. ಆವತ್ತು ಸಂತೆಯಿಂದ ಬಂದು ಆತ ಉಣ್ಣದೆ ಮಲಗಿದ್ದು ನಮಗೆಲ್ಲ ನೆನಪಿದೆ.

‘ಮನ್ಯಾಗ ಇಲ್ಲದ್ದು ಇಲ್ಲೇನೈತಿ? ರೊಟ್ಟಿ, ಬದನೀಕಾಯಿ. ಅದನ್ನ ರೊಕ್ಕಾ ಕೊಟ್ಟು ತಿನ್ನಾಕ ಇಷ್ಟು ದೂರ ಬರಬೇಕೇನು?’

ಬನದ ಹುಣ್ಣಿಮೆ ಮುಗಿದ ಮರು ಭಾನುವಾರ ಅದು. ನಾನು ತವರಿಗೆ ಬಂದಿದ್ದೆ. ಸವದತ್ತಿಯಿಂದ ಧಾರವಾಡದ ಕಡೆಗೆ ಹೋಗುವ ದಾರಿಯಲ್ಲಿ ಹಳ್ಳಿಮನೆಯ ರೂಪ ಕೊಟ್ಟು ಕಟ್ಟಿದ ಫ್ಯಾಮಿಲಿ ರೆಸ್ಟೋರೆಂಟಿಗೆ ಎಂಟು ಮಂದಿ ಹೋಗಿದ್ದೆವು. ಗೋಡೆಗೆ ಕೆಮ್ಮಣ್ಣಿನ ಬಣ್ಣ, ತೊಲೆಗೆ ಕಂದೀಲು, ಮೂಲೆಯಲ್ಲಿ ಬೀಸುಕಲ್ಲು, ಒಳ್ಳು, ಒನಕೆ. ಊಟ ತರುವ ಹುಡುಗರ ತಲೆಗೆ ಪಟಕಾ. ಇಂಥವು ಕಿತ್ತೂರಿನ ಹೆದ್ದಾರಿಯ ಕಡೆಗೂ ಬೈಲಹೊಂಗಲದ ಕಡೆಗೂ ಕಾಣುತ್ತವೆ. ಅಪ್ಪನ ಪ್ರಶ್ನೆ ನನಗೆ ಬರೀ ಮುದುಕರ ಗೊಣಗಾಟ ಅನ್ನಿಸಲಿಲ್ಲ. ಅದಕ್ಕೆ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹಳ್ಳಿಯನ್ನು ಊಟದ ಮನೆಯಾಗಿಸುವ ಕಲ್ಪನೆ ನಮ್ಮ ಸೀಮೆಯಲ್ಲಿ ಹುಟ್ಟಿದ್ದಲ್ಲ. ಅಹಮದಾಬಾದಿನ ‘ವಿಶಾಲಾ’ ಶುರುವಾದದ್ದು 1978ರಲ್ಲಿ. ಜೈಪುರದ ‘ಚೋಖಿ ಧಾಣಿ’ 1989ರದು. ನಮ್ಮಲ್ಲೇ ರಾಮನಗರದ ಜಾನಪದ ಲೋಕದ ಬಳಿಯ ‘ಕಾಮತ್ ಲೋಕರುಚಿ’ ಬೆಂಗಳೂರು–ಮೈಸೂರು ದಾರಿಯವರಿಗೆ ಗೊತ್ತು. ಹುಬ್ಬಳ್ಳಿಯಾಚೆ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಇಡೀ ಊರೇ ಶಿಲ್ಪವಾಗಿ ನಿಂತಿದೆ. ನಮ್ಮ ಕಡೆಯ ಹೋಟೆಲುಗಳ ಸಿಮೆಂಟಿನ ಎತ್ತು, ಕಟ್ಟೆಯ ಮೇಲೆ ಕೂತ ಸಿಮೆಂಟಿನ ಅಜ್ಜ, ಎಲ್ಲ ಅದನ್ನು ಕಂಡವರ ಆಸೆಯಿಂದಲೇ ಹುಟ್ಟಿದವೇನೋ ಎಂದು ನನಗೆ ಅನ್ನಿಸುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಅಹಮದಾಬಾದಿನವರು ವಿಶಾಲಾಕ್ಕೆ ಹೋಗುವುದು ತಮ್ಮಿಂದ ದೂರವಾದ ಹಳ್ಳಿಯನ್ನು ಕಾಣಲು. ಸವದತ್ತಿಯಲ್ಲಿ ಹಾಗಲ್ಲ. ಇಲ್ಲಿ ಊಟಕ್ಕೆ ಬರುವವರೇ ಹಳ್ಳಿಯವರು. ಹೋಟೆಲಿನ ಬೇಲಿಯಾಚೆ ಕಡಲೆ ಹೊಲ, ಜೋಳದ ಹೊಲ. ಹಳ್ಳಿಯವರಿಗೇ ಹಳ್ಳಿಯನ್ನು ಬಡಿಸುವ ಕೆಲಸ ಇದು. ಅಪ್ಪನಿಗೆ ಚುಚ್ಚಿದ್ದೂ ಇದೇ.

ಒಳಗೆ ಹೋದ ಮೇಲೆ ಅವನ ಕಣ್ಣು ಗೋಡೆಗೆ ತೂಗುಹಾಕಿದ್ದ ಕೂರಿಗೆಯ ಮೇಲೆ ಬಿತ್ತು. ತಲೆಕೆಳಗಾಗಿ ಕಟ್ಟಿದ್ದರು, ಕಾಳು ಬಿಡುವ ಬಟ್ಟಲು ಕೆಳಗೆ, ಹಲ್ಲು ಮೇಲೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಪಾಳಿ. ನಲವತ್ತು ವರ್ಷ ಬಿತ್ತಿದವನಿಗೆ ಅದು ಹೇಗೆ ಕಂಡಿರಬೇಡ! ವಿಶಾಲಾದವರು 1981ರಲ್ಲಿ ‘ವಿಚಾರ್’ ಎಂಬ ಪಾತ್ರೆಗಳ ಸಂಗ್ರಹಾಲಯವನ್ನೇ ಕಟ್ಟಿದರು. ಹಳೇ ಕಾಲದ ತಂಬಿಗೆ, ಹಂಡೆಗಳನ್ನು ಬಲ್ಲವರಂತೆ ಕೂಡಿಸಿ ಇಟ್ಟರು. ಅಂಥ ಕಾಳಜಿ ಇಲ್ಲದಿದ್ದರೆ ಕೂರಿಗೆ ಬರೀ ಕಟ್ಟಿಗೆ. ಅಪ್ಪನ ಪಾಲಿನ ಮಾತು ಇಲ್ಲಿ ಗಟ್ಟಿಯಾಗಿದೆ ಎಂದು ಒಪ್ಪುತ್ತೇನೆ. ಆದರೆ ಅದೇ ಕೂರಿಗೆಯ ಕೆಳಗೆ ಆತ ಮೊಮ್ಮಗನನ್ನು ಎಳೆದು ನಿಲ್ಲಿಸಿಕೊಂಡು, ಬಟ್ಟಲಿಗೆ ಹಾಕಿದ ಕಾಳು ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲಿಗೆ ಬೀಳುವುದನ್ನು ಕೈಯಲ್ಲಿ ತೋರಿಸಿ ಹೇಳಿದ. ನಮ್ಮ ಮನೆಯ ಕೂರಿಗೆ ಅಟ್ಟದ ಮೇಲಿದೆ. ಹುಡುಗ ಹುಟ್ಟಿ ಒಂಬತ್ತು ವರ್ಷವಾದರೂ ಅದನ್ನು ಯಾರೂ ಇಳಿಸಿ ತೋರಿಸಿರಲಿಲ್ಲ. ನಾನೂ ತೋರಿಸಿರಲಿಲ್ಲ.

ಅವ್ವ ಮತ್ತು ವೈನಿಯ ವಿಷಯಕ್ಕೆ ಬರುತ್ತೇನೆ. ಹೋಟೆಲಿನ ಪರವಾಗಿ ನನಗಿರುವ ಬಹಳ ದೊಡ್ಡ ಮಾತು ಅದೇ.

ನಮ್ಮ ಮನೆಯಲ್ಲಿ ಒಲೆಯ ಮುಂದೆ ಕೂತವಳು ಎಲ್ಲರಿಗಿಂತ ಕಡೆಗೆ ಉಣ್ಣುತ್ತಾಳೆ. ಜೋಳದ ರೊಟ್ಟಿಯ ಸ್ವಭಾವವೇ ಹಾಗೆ. ಗೋಧಿಯಂತೆ ಜೋಳದ ಹಿಟ್ಟಿಗೆ ಅಂಟಿಲ್ಲ. ಎಸರು ಕಾಯಿಸಿ, ಸುಡುವ ನೀರಿನಲ್ಲೇ ಹಿಟ್ಟು ನಾದಬೇಕು, ನಾದಿದ್ದನ್ನು ಆರಲು ಬಿಡದೆ ಬಡಿಯಬೇಕು. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಕೆಂಡಕ್ಕೆ ಒರಗಿಸಿದಾಗ ಉಬ್ಬುವ ಆ ಕ್ಷಣದಲ್ಲೇ ಅದು ಗಂಗಾಳಕ್ಕೆ ಬಂದರೆ ರುಚಿ. ಎಲ್ಲರಿಗೂ ಆ ಕ್ಷಣವನ್ನು ಕೊಡುವವಳಿಗೆ ಆ ಕ್ಷಣ ಸಿಗುವುದಿಲ್ಲ. ಆವತ್ತು ಅವ್ವ ಅಪ್ಪನ ಬದಿಗೇ ಕೂತಳು, ವೈನಿ ಅಣ್ಣನ ಎದುರಿಗೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಮೆಂತ್ಯದ ಪಚಡಿ, ಗುರೆಳ್ಳು ಚಟ್ನಿ, ಗಡಿಗೆ ಮೊಸರು ಬಂದವು. ಅವ್ವ ಮೊದಲ ತುತ್ತು ಮುರಿದು, ‘ಬಿಸಿ ರೊಟ್ಟಿ ಹಿಂಗಿರತೈತಿ ಅನ್ನೋದನ್ನ ಮರತಬಿಟ್ಟಿದ್ದೆ ನೋಡವಾ’ ಅಂದಳು. ಯಾರೂ ಮಾತಾಡಲಿಲ್ಲ. ಅಪ್ಪ ತಾನೇ ಚಟ್ನಿಯ ಬಟ್ಟಲನ್ನು ಅವಳ ಕಡೆ ಸರಿಸಿದ.

ಮನೆಯಲ್ಲಿ ಇಲ್ಲದ್ದು ಇಲ್ಲೇನಿದೆ ಎಂದರೆ, ಇದಿದೆ.

ಹೊರಗೆ ಉಣ್ಣುವುದು ನಮಗೆ ಹೊಸದಲ್ಲ ಎಂದು ಯಾರಾದರೂ ಹೇಳಬಹುದು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬದುವಿನ ಮೇಲೆ ಕೂತು ಉಣ್ಣುತ್ತೇವೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಹೂಡಿಕೊಂಡು ಬಂದ ಜನ ಮೂರು ಕಲ್ಲು ಇಟ್ಟು ಒಲೆ ಹೂಡಿ, ಹೋಳಿಗೆ, ಕಡುಬು, ಪಲ್ಲೆ, ಅನ್ನ ಮಾಡಿ, ದೇವಿಯ ಎಡೆಗೆ ಪಡ್ಡಲಗಿ ತುಂಬಿಸಿ, ‘ಉಧೋ’ ಎಂದ ಮೇಲೆ ಬಯಲಿನಲ್ಲೇ ಪಂಕ್ತಿ ಕೂಡುತ್ತಾರೆ. ಅಷ್ಟು ದೊಡ್ಡ ಬಯಲೂಟದ ಮುಂದೆ ಯಾವ ಹೋಟೆಲು ನಿಂತೀತು? ನನಗೂ ಆ ಹೊಗೆ, ಆ ಭಂಡಾರದ ವಾಸನೆ ಪ್ರಾಣ. ಆದರೆ ಅಲ್ಲಿಯೂ ಒಲೆ ಊರು ಬದಲಿಸುತ್ತಿತ್ತೇ ಹೊರತು ಒಲೆಯ ಮುಂದೆ ಕೂತವಳು ಬದಲಾಗುತ್ತಿರಲಿಲ್ಲ. ಜಾತ್ರೆಯೆಂದರೆ ಗಂಡಸರಿಗೆ ತಿರುಗಾಟ, ಹೆಂಗಸರಿಗೆ ಗಾಳಿಯಲ್ಲಿ ಉರಿ ಕಾಯುವ ಅಡುಗೆ.

ಖಾನಾವಳಿಯ ಮಾತೂ ಬರುತ್ತದೆ. ಇದೇ ರೊಟ್ಟಿ, ಇದೇ ಪಲ್ಲೆ, ಕಂದೀಲು–ಎತ್ತುಗಳ ಖರ್ಚಿಲ್ಲದೆ ಅಲ್ಲಿ ಸಿಗುತ್ತದೆ. ಎಷ್ಟೋ ಖಾನಾವಳಿಗಳನ್ನು ನಡೆಸಿ ಮಕ್ಕಳನ್ನು ಓದಿಸಿದವರು ಹೆಣ್ಣುಮಕ್ಕಳೇ. ಧಾರವಾಡದಲ್ಲಿ ಓದಲು ಹೋದ ನಮ್ಮ ಕಡೆಯ ಹುಡುಗರು ಬದುಕಿದ್ದೇ ಆ ಊಟದ ಮೇಲೆ. ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಖಾನಾವಳಿಯೊಳಗೆ ಉಣ್ಣುತ್ತಿದ್ದವರು ಹೆಚ್ಚಾಗಿ ಗಂಡಸರು. ಹೆಣ್ಣುಮಕ್ಕಳು ಬಂದರೆ ಹಳೇ ಹೋಟೆಲುಗಳಲ್ಲಿ ಪರದೆ ಎಳೆದ ‘ಫ್ಯಾಮಿಲಿ ರೂಮು’, ಗಾಳಿಯಿಲ್ಲದ ಗೂಡು. ಇನ್ನೊಂದು ವಿಷಯ, ಬೋರ್ಡು. ‘ಲಿಂಗಾಯತ ಖಾನಾವಳಿ’, ‘ಸಾವಜಿ ಖಾನಾವಳಿ’ ಎಂದು ಜಾತಿ, ಸಮುದಾಯದ ಹೆಸರಿನಲ್ಲೇ ಊಟ ಗುರುತಾಗುತ್ತಿತ್ತು. ಹೀಗೆ ಬರೆದದ್ದು ಊಟದ ಬಗೆಯನ್ನು ಹೇಳಲು ಎನ್ನುತ್ತಾರೆ. ಇದ್ದೀತು. ಆದರೆ ಬೋರ್ಡನ್ನು ಓದಿ ಮೆಟ್ಟಿಲಿನಿಂದಲೇ ಹಿಂದೆ ಸರಿದವರಿಗೆ ಅದು ಬೇರೆಯೇ ಮಾತು ಹೇಳಿರುತ್ತದೆ. ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳ ಹೆಸರು ಹಿಡಿದೇ ಹೇಳುತ್ತದೆ, ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯಬಾರದೆಂದು. ಅಷ್ಟು ಸಣ್ಣದೆನ್ನಿಸುವ ಜಾಗವನ್ನು ಸಂವಿಧಾನದಲ್ಲಿ ಬರೆಯಬೇಕಾಯಿತೆಂದರೆ ಊಟದ ಜಾಗ ಸಣ್ಣದಲ್ಲ. ಹೊಸ ಹೋಟೆಲಿನ ಬೋರ್ಡಿನ ಮೇಲೆ ಬರೀ ಹಳ್ಳಿಯ ಹೆಸರಿದೆ. ಪಕ್ಕದ ಮೇಜಿನವರು ಯಾರೆಂದು ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಅವರು ರಾಮದುರ್ಗದ ಕಡೆಯಿಂದ ಗುಡ್ಡಕ್ಕೆ ಬಂದಿದ್ದ ಏಳು ಹೆಣ್ಣುಮಕ್ಕಳು. ಜೊತೆಗೆ ಗಂಡಸರಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಚಿಂತೆ ಇಲ್ಲ. ಉಳಿದ ರೊಕ್ಕದಲ್ಲಿ ಊಟ ಎಂದು ಅವರಲ್ಲೊಬ್ಬ ಅಜ್ಜಿ ನಗುತ್ತ ಹೇಳಿದಳು. 2024ರಲ್ಲಿ ಕೇಂದ್ರ ಸರ್ಕಾರ ಎಲ್ಲಮ್ಮನ ಗುಡ್ಡದ ಪ್ರವಾಸೋದ್ಯಮಕ್ಕೆ ಸುಮಾರು 100 ಕೋಟಿ ರೂಪಾಯಿ ಒಪ್ಪಿದೆ. ಜನ ಇನ್ನೂ ಬರುತ್ತಾರೆ, ಇಂಥ ಹೋಟೆಲುಗಳೂ ಏಳುತ್ತವೆ. ಅದಕ್ಕೇ ಈಗಲೇ ಒಂದು ತಕರಾರು ದಾಖಲಾಗಬೇಕು.

ಕೈ ತೊಳೆಯುವ ಜಾಗದ ಮೇಲಿನ ಗೋಡೆಯಲ್ಲಿ ಒಬ್ಬ ಜೋಗತಿಯ ಚಿತ್ರವಿತ್ತು. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ, ಮುಖದಲ್ಲಿ ನಗು. ಅದನ್ನು ಬೇರೆ ಊರಿನವರು ಅಂದದ ಚಿತ್ರವೆಂದು ನೋಡಬಹುದು. ಸವದತ್ತಿಯ ನೆಲದವರಿಗೆ ಹಾಗೆ ನೋಡಲು ಬರುವುದಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುವುದನ್ನು ತಡೆಯಲು 1982ರಲ್ಲಿ ಕರ್ನಾಟಕ ಕಾನೂನೇ ಮಾಡಬೇಕಾಯಿತು. ಮುತ್ತು ಕಟ್ಟಿಸಿಕೊಂಡವರು ಇಂದಿಗೂ ನಮ್ಮ ಊರುಗಳಲ್ಲಿ ಮುಪ್ಪಿನಲ್ಲಿದ್ದಾರೆ. ಜೋಗತಿಯರ ಕಲೆಗೆ ಮರ್ಯಾದೆ ಸಲ್ಲಲಿ. 2021ರಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆದಾಗ ನಮ್ಮ ಮನೆಯಲ್ಲಿ ಅವ್ವ ಟಿವಿಯ ಮುಂದೆ ಕೈ ಮುಗಿದಿದ್ದಳು. ಆ ಮರ್ಯಾದೆ ಬೇರೆ, ಕೈ ತೊಳೆಯುವ ಜಾಗದ ಮೇಲಿನ ಅಲಂಕಾರ ಬೇರೆ. ಆ ಗೋಡೆಗಳ ಮೇಲಿನ ಹಳ್ಳಿಯಲ್ಲಿ ಬರ ಇಲ್ಲ, ಸಾಲ ಇಲ್ಲ, ಕೇರಿ ಇಲ್ಲ. ಊಟ ಮಾಡುವ ಜಾಗದಲ್ಲಿ ದುಃಖವನ್ನೇ ಬರೆಯಿರಿ ಎನ್ನುವುದಿಲ್ಲ. ಆದರೆ ನೋವಿರುವ ಜಾಗವನ್ನು ನಗುಮುಖವಾಗಿಸಿ ಬರೆಯುವುದು ತಪ್ಪು. ಹೋಟೆಲಿನವರಿಗೆ ಇದನ್ನು ಮುಖಕ್ಕೇ ಹೇಳಿ ಬಂದೆ.

ಹೋಟೆಲಿನಲ್ಲಿ ಸದ್ದೂ ವಿಪರೀತ. ಸ್ಪೀಕರಿನ ಹಾಡಿಗೆ ಅಪ್ಪನಿಗೆ ಎದುರಿನವರ ಮಾತು ಕೇಳಲಿಲ್ಲ. ಎಂಟು ಮಂದಿಯ ಬಿಲ್ಲು 2,200 ರೂಪಾಯಿ. 2025–26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಅಂದರೆ ಒಬ್ಬಾಳಿನ ಆರು ದಿನದ ದುಡಿಮೆಯನ್ನು ನಾವು ಒಂದು ಸಂಜೆಗೆ ಉಂಡೆವು. ಇದು ಎಲ್ಲರ ಊಟವಲ್ಲ. ನಮಗೂ ವರ್ಷಕ್ಕೆ ಒಂದೆರಡು ಸಲದ ಊಟ.

ಹೊರಡುವ ಮುಂಚೆ ಅವ್ವ ರೊಟ್ಟಿ ಬಡಿಯುವ ಜಾಗಕ್ಕೆ ಹೋದಳು. ಗಿರಾಕಿಗಳಿಗೆ ಕಾಣಲೆಂದು ಮುಂದೆಯೇ ಒಲೆ ಹಾಕಿಸಿದ್ದಾರೆ, ಸುತ್ತ ಗಾಜು, ಮೇಲೆ ದೀಪ. ಇಬ್ಬರು ಹೆಣ್ಣುಮಕ್ಕಳು ಕೊಮ್ಮಣಿಗೆಯ ಮುಂದೆ ಕೂತಿದ್ದರು. ‘ಚಲೋ ಆಗಿದ್ದುವೇನ್ರಿ ಅವ್ವಾರ?’ ಎಂದು ಒಬ್ಬಳು ಕೇಳಿದಳು. ಅವಳು ಬರುವುದು ಹತ್ತಿರದ ಹಳ್ಳಿಯಿಂದ, ರೊಟ್ಟಿಯ ಎಣಿಕೆಯ ಮೇಲೆ ಕೂಲಿ. ಹೊಲದ ಬಿಸಿಲಿಗಿಂತ ಇದು ವಾಸಿ, ತಿಂಗಳಿಗೆ ಕೈಯಲ್ಲಿ ಕಾಸಿರುತ್ತದೆ ಅಂದಳು. ಅವ್ವನ ಐವತ್ತು ವರ್ಷದ ರೊಟ್ಟಿಗೆ ಯಾರೂ ಎಣಿಕೆ ಇಟ್ಟಿಲ್ಲ. ಇವಳ ಒಂದೊಂದು ರೊಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ಅದು ಸಣ್ಣ ಮಾತಲ್ಲ. ‘ನಿಮ್ಮ ಊಟ ಯಾವಾಗ?’ ಎಂದು ಅವ್ವ ಕೇಳಿದಳು. ‘ಎಲ್ಲಾರದೂ ಮುಗದ ಮ್ಯಾಲ್ರಿ, ಹನ್ನೊಂದು ಆಗತೈತಿ.’

ಅವ್ವನ ಮುಖ ನೋಡಿದೆ. ಕಡೆಗೆ ಉಣ್ಣುವವಳು ಇಲ್ಲವಾಗಿರಲಿಲ್ಲ, ಗಾಜಿನ ಆಚೆ ಹೋಗಿದ್ದಳು. ಬಿಸಿ ರೊಟ್ಟಿಯ ಸುಖವನ್ನು ನಾವು ಇನ್ನೊಬ್ಬ ಹೆಣ್ಣುಮಗಳಿಂದ ಕೊಂಡಿದ್ದೆವು. ಕೂಲಿ ಕೊಟ್ಟು ಕೊಂಡದ್ದು ನಿಜ, ಆದರೂ ಅವಳ ಹಸಿವಿನ ಹೊತ್ತು ನಮ್ಮದಕ್ಕಿಂತ ಮೂರು ತಾಸು ಆಚೆಗಿತ್ತು. ಎಂಟು ಗಂಟೆಗೆ ಅರ್ಧ ತಾಸು ಪಾಳಿಯ ಮೇಲೆ ಅವರನ್ನು ಊಟಕ್ಕೆ ಬಿಟ್ಟರೆ ಹೋಟೆಲು ಮುಳುಗುವುದಿಲ್ಲ. ಗಿರಾಕಿಗಳು ಹತ್ತು ನಿಮಿಷ ಕಾಯುತ್ತಾರೆ. ನಾನಂತೂ ಕಾಯುತ್ತೇನೆ. ಜೋಗತಿಯ ಚಿತ್ರದ ಜೊತೆಗೆ ಇದನ್ನೂ ಹೇಳಿದೆ, ಕೂರಿಗೆಯ ಮಾತನ್ನು ಅಪ್ಪನೇ ಹೇಳಿದ. ಹೋಟೆಲಿನ ಹುಡುಗ ಕುರ್ಚಿ ತಂದು, ಅಪ್ಪ ಹೇಳಿದಂತೆ ಕೂರಿಗೆಯನ್ನು ನೇರ ಮಾಡಿ ಕಟ್ಟಿದ. ಮಿಕ್ಕ ಎರಡಕ್ಕೆ ‘ನೋಡ್ತೇವ್ರಿ’ ಎಂದರು.

ತೂಗಿ ನೋಡಿದರೆ ನಾನು ಮತ್ತೆ ಹೋಗುತ್ತೇನೆ. ಎತ್ತು ಸಿಮೆಂಟಿನದಾದರೂ ಅವ್ವ ಕೂತ ಕುರ್ಚಿ ನಿಜದ್ದು.

ಬರುವಾಗ ಕಾರಿನಲ್ಲಿ ಭಾರತ ಹುಣ್ಣಿಮೆಯ ಮಾತು ಬಂತು. ಈ ಸಲ ಗುಡ್ಡದಲ್ಲಿ ಒಲೆ ಹೂಡುವುದು ಬೇಡ, ಎಲ್ಲರೂ ಹೋಟೆಲಿನಲ್ಲೇ ಉಂಡು ಬರೋಣ ಎಂದು ಅಣ್ಣ ಅಂದ. ಅವ್ವ ಒಪ್ಪಲಿಲ್ಲ. ‘ದೇವಿ ಎಡಿ ಕೊಂಡು ತರೂದಲ್ಲಪಾ, ಅದು ನಮ್ಮ ಕೈಲೆ ಆಗಬೇಕು’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಹೂರಣಾ ನೀ ರುಬ್ಬು, ನಿಮ್ಮಪ್ಪ ಉರಿ ಹಚ್ಚಲಿ’ ಎಂದು ಸೇರಿಸಿದಳು. ವೈನಿ ಕತ್ತಲಲ್ಲೇ ನನ್ನ ಕೈ ಅದುಮಿದಳು. ಮುಂದಿನ ಸೀಟಿನಲ್ಲಿದ್ದ ಅಪ್ಪ ಕಟ್ಟಿಗೆ ಹಸಿಯಿದ್ದಾವೇನೋ, ಈಗಿಂದಲೇ ಬಿಸಿಲಿಗೆ ಹಾಕಬೇಕು ಅಂದ.