ಕಚ್ಚಾ ಹಾದಿಗೆ ಯಾವ ಎಂಜಿನ್?

ಟೂ-ಸ್ಟ್ರೋಕ್ ಎಂಜಿನ್ನಿನ ಡರ್ಟ್ ಬೈಕು ಮೇಲೋ, ಫೋರ್-ಸ್ಟ್ರೋಕ್ ಎಂಜಿನ್ನಿನದು ಮೇಲೋ ಎಂಬ ವಾದದಲ್ಲಿ ಎರಡೂ ಪಕ್ಷದವರು ಮುಂದಿಡುವ ಸಾಕ್ಷ್ಯ ಬಹುಮಟ್ಟಿಗೆ ಮೋಟೊಕ್ರಾಸಿನಿಂದ, ಅಂದರೆ ಮಣ್ಣಿನ ದಿಬ್ಬಗಳನ್ನು ಕಟ್ಟಿ ಸಿದ್ಧಪಡಿಸಿದ ಅಂಕಣದ ಪಂದ್ಯಗಳಿಂದ, ಎತ್ತಿಕೊಂಡದ್ದಾಗಿರುತ್ತದೆ. ಅಂಕಣದಲ್ಲಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸುವುದೇ ನಿಯಮ, ಹಿಂದೆಗೆಯುವುದು ಅಪವಾದ. ಬೇರು, ಬಂಡೆ, ಕೆಸರು, ಕಡಿದಾದ ಇಳಿಜಾರುಗಳ ಟ್ರೇಲಿನಲ್ಲಿ, ಅಂದರೆ ಯಾರೂ ಸಮ ಮಾಡಿಡದ ಕಾಲುಹಾದಿಯಲ್ಲಿ, ಇದು ತಿರುವುಮುರುವಾಗುತ್ತದೆ. ಅಲ್ಲಿ ಎಂಜಿನ್ನಿನ ಗರಿಷ್ಠ ಶಕ್ತಿ ದಿನಕ್ಕೆ ಕೆಲವೇ ನಿಮಿಷ ಕೆಲಸಕ್ಕೆ ಬರುತ್ತದೆ. ಎಂಜಿನ್ ನಿಂತೇಹೋಗುವಂಥ ನಿಧಾನಗತಿಯಲ್ಲಿ ಹೇಗೆ ವರ್ತಿಸುತ್ತದೆ, ಸವಾರ ತಪ್ಪಿದಾಗ ಎಷ್ಟು ತಾಳಿಕೊಳ್ಳುತ್ತದೆ, ಬಿದ್ದ ಬೈಕನ್ನು ಎತ್ತಿ ನಿಲ್ಲಿಸಲು ಎಷ್ಟು ಬೆವರು ಬೇಕು ಎಂಬಿವೇ ಟ್ರೇಲಿಗೆ ಸಲ್ಲುವ ಅಳತೆಗೋಲುಗಳು. ಹಾಗೆ ಅಳೆದಾಗ ಸ್ಟ್ರೋಕುಗಳ ಎಣಿಕೆ ತಾನಾಗಿ ಹೇಳುವುದು ಅದರ ಅಭಿಮಾನಿಗಳು ನಂಬಿರುವುದಕ್ಕಿಂತ ಬಹಳ ಕಡಿಮೆ.

ಎರಡರ ವ್ಯತ್ಯಾಸ ಮೂಲದಲ್ಲಿ ಸರಳವಾದದ್ದು. 1876ರಲ್ಲಿ ಜರ್ಮನಿಯ ನಿಕೋಲಾಸ್ ಒಟ್ಟೊ ರೂಪಿಸಿದ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಮೇಲೆ ಕೆಳಗೆ ಚಲಿಸುತ್ತದೆ: ಒಮ್ಮೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಳಗೆಳೆದುಕೊಳ್ಳಲು, ಒಮ್ಮೆ ಅದನ್ನು ಅದುಮಲು, ಒಮ್ಮೆ ಉರಿದ ಅನಿಲದ ಒತ್ತಡಕ್ಕೆ ಕೆಳಗಿಳಿಯಲು, ಕೊನೆಗೊಮ್ಮೆ ಹೊಗೆಯನ್ನು ಹೊರದೂಡಲು. ಆದ್ದರಿಂದ ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಶಕ್ತಿ ಹುಟ್ಟುವುದು ಒಂದೇ ಸಲ. ಇಂಗ್ಲೆಂಡಿನ ಜೋಸೆಫ್ ಡೇ ಮುಂದಿನ ದಶಕದ ಕೊನೆಯ ಹೊತ್ತಿಗೆ ಸಾಧಿಸಿದ ಟೂ-ಸ್ಟ್ರೋಕ್ ಮಾದರಿಯಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ. ವಾಲ್ವು, ಕ್ಯಾಮ್ ಶಾಫ್ಟ್, ಟೈಮಿಂಗ್ ಚೈನು ಯಾವುವೂ ಇಲ್ಲದೆ, ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತ ಪ್ರತಿ ಸುತ್ತಿಗೂ ಒಂದು ಸಲ ಶಕ್ತಿ ಹುಟ್ಟಿಸುತ್ತದೆ.

ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ. ಹೊಸ ಮಿಶ್ರಣ ಒಳಬರುವ ಕಂಡಿ ಮತ್ತು ಹೊಗೆ ಹೊರಹೋಗುವ ಕಂಡಿ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುವುದರಿಂದ, ಉರಿಯದ ಪೆಟ್ರೋಲಿನ ಗಣನೀಯ ಪಾಲು ನೇರವಾಗಿ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಪಳಗಿಸಿದ ಉಬ್ಬುಹೊಟ್ಟೆಯ ಎಕ್ಸಾಸ್ಟ್ ಕೊಳವೆ, ಶಬ್ದದ ಅಲೆಗಳನ್ನೇ ಬಳಸಿ, ಹೊರಹೊರಟ ಈ ಮಿಶ್ರಣವನ್ನು ಮರಳಿ ಸಿಲಿಂಡರಿಗೆ ನೂಕುತ್ತದೆ. ಆದರೆ ಅಲೆಗಳ ಈ ಹೊಂದಾಣಿಕೆ ಒಂದು ನಿರ್ದಿಷ್ಟ ವೇಗದ ಆಸುಪಾಸಿನಲ್ಲಿ ಮಾತ್ರ ಕೂಡಿಬರುತ್ತದೆ. ಹಳೆಯ ಟೂ-ಸ್ಟ್ರೋಕುಗಳು ಕೆಳಗಿನ ವೇಗದಲ್ಲಿ ಮಂಕಾಗಿದ್ದು ಮೇಲೆ ಹೋದಂತೆ ಹಠಾತ್ತನೆ ನುಗ್ಗುತ್ತಿದ್ದುದಕ್ಕೆ ಕಾರಣ ಇದೇ. ಯಮಾಹಾ ಮೊದಲಾದ ಕಂಪನಿಗಳು ಅನಂತರ ತಂದ ಪವರ್ ವಾಲ್ವ್, ಅಂದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಹೊಗೆಕಂಡಿಯ ಎತ್ತರವನ್ನು ಬದಲಿಸುವ ವ್ಯವಸ್ಥೆ, ಈ ಒರಟುತನವನ್ನು ಬಹಳಷ್ಟು ತಗ್ಗಿಸಿತು.

ಫೋರ್-ಸ್ಟ್ರೋಕ್ ಪಕ್ಷದವರು ತಮ್ಮ ವಿಜಯದ ಇತಿಹಾಸವನ್ನು ಆರಂಭಿಸುವುದು 1997ರಲ್ಲಿ ಲಾಸ್ ವೇಗಾಸಿನ ಸೂಪರ್‌ಕ್ರಾಸನ್ನು, ಅಂದರೆ ಕ್ರೀಡಾಂಗಣದೊಳಗಿನ ಮೋಟೊಕ್ರಾಸನ್ನು, ಡೌಗ್ ಹೆನ್ರಿ ಯಮಾಹಾದ ಪ್ರಾಯೋಗಿಕ ಫೋರ್-ಸ್ಟ್ರೋಕ್ ಬೈಕಿನಲ್ಲಿ ಗೆದ್ದಲ್ಲಿಂದ. ಮರುವರ್ಷ ಅದರ ಮಾರುಕಟ್ಟೆ ರೂಪವಾದ ವೈಝಡ್400ಎಫ್ ಬಂತು, ಹೆನ್ರಿ ಅಮೆರಿಕದ 250 ಸಿಸಿ ಹೊರಾಂಗಣ ಚಾಂಪಿಯನ್ ಆದರು, ಕೆಲವೇ ವರ್ಷಗಳಲ್ಲಿ ಅಂಕಣಗಳಿಂದ ಟೂ-ಸ್ಟ್ರೋಕು ಬಹುತೇಕ ಮರೆಯಾಯಿತು. ಆದರೆ 125 ಸಿಸಿಯ ಟೂ-ಸ್ಟ್ರೋಕಿಗೆ ಎದುರಾಗಿ 250 ಸಿಸಿಯ ಫೋರ್-ಸ್ಟ್ರೋಕನ್ನು ಒಂದೇ ವರ್ಗದಲ್ಲಿ ಓಡಿಸಲು ನಿಯಮ ಅವಕಾಶ ಕೊಟ್ಟಿತ್ತು. ದುಪ್ಪಟ್ಟು ಗಾತ್ರದ ಎಂಜಿನ್ ಗೆದ್ದುದರಿಂದ ಎಂಜಿನ್ನಿನ ತತ್ತ್ವವೇ ಮೇಲೆಂದು ಸಾಧಿಸಿದಂತಾಗುವುದಿಲ್ಲ. ಆ ಗೆಲುವನ್ನು ಟ್ರೇಲಿನ ಚರ್ಚೆಗೆ ಎಳೆತರುವುದಂತೂ ಇನ್ನಷ್ಟು ದುರ್ಬಲವಾದ ತರ್ಕ.

ಟ್ರೇಲಿನಲ್ಲಿ ನಿಜವಾಗಿ ನಡೆಯುವುದೇನೆಂದು ನೋಡಿದರೆ ಮೊದಲು ಎದುರಾಗುವುದು ಇಳಿಜಾರು. ಆಕ್ಸಿಲರೇಟರ್ ಬಿಟ್ಟಾಗ ಫೋರ್-ಸ್ಟ್ರೋಕ್ ಎಂಜಿನ್ ಹಿಂಚಕ್ರವನ್ನು ಬಲವಾಗಿ ಹಿಡಿದೆಳೆಯುತ್ತದೆ. ಎಂಜಿನ್ ಬ್ರೇಕಿಂಗ್ ಎಂದು ಕರೆಯುವ ಈ ಗುಣ ಹೊಸ ಸವಾರನಿಗೆ ಉರುಳುಗಲ್ಲಿನ ಇಳಿಜಾರಿನಲ್ಲಿ ಮೂರನೆಯ ಬ್ರೇಕಿನಂತೆ ನೆರವಾಗುತ್ತದೆ, ಕೆಲವೊಮ್ಮೆ ಅತಿಯಾಗಿ ಚಕ್ರವನ್ನೇ ಜಾರಿಸುತ್ತದೆ. ಟೂ-ಸ್ಟ್ರೋಕು ಇಳಿಜಾರಿನಲ್ಲಿ ಹೆಚ್ಚೂಕಡಿಮೆ ಸೈಕಲ್ಲಿನಂತೆ ಹಗುರವಾಗಿ ಉರುಳುತ್ತದೆ. ಬ್ರೇಕಿನ ಮೇಲೆ ಹಿಡಿತವಿರುವವನಿಗೆ ಇದು ಸ್ವಾತಂತ್ರ್ಯ, ಇಲ್ಲದವನಿಗೆ ಭಯ. ಪೆಟ್ರೋಲಿನೊಂದಿಗೇ ಆಯಿಲ್ ಬೆರೆಸುವ ಟೂ-ಸ್ಟ್ರೋಕಿನಲ್ಲಿ ಆಕ್ಸಿಲರೇಟರ್ ಮುಚ್ಚಿದಾಗ ಒಳಹೋಗುವ ಆಯಿಲೂ ಕಡಿಮೆಯಾಗುವುದರಿಂದ, ಉದ್ದನೆಯ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಎಂಜಿನ್ನಿಗೆ ಒಂದಿಷ್ಟು ರೇಸ್ ಕೊಡುವ ಅಭ್ಯಾಸವೂ ಬೇಕಾಗುತ್ತದೆ.

ಏರಿನಲ್ಲಿ ಲೆಕ್ಕ ಬದಲಾಗುತ್ತದೆ. ಒದ್ದೆ ಬೇರುಗಳ ಮೇಲೆ ಹಿಂಚಕ್ರಕ್ಕೆ ಶಕ್ತಿ ಬಿಟ್ಟುಬಿಟ್ಟು ತಲುಪುವ ಫೋರ್-ಸ್ಟ್ರೋಕಿನಲ್ಲಿ ಟೈರಿಗೆ ನೆಲವನ್ನು ಮತ್ತೆ ಕಚ್ಚಿಕೊಳ್ಳಲು ಎಡೆ ಸಿಗುತ್ತದೆ ಎಂಬ ಅನೇಕ ಸವಾರರ ಮಾತಿಗೆ ಅನುಭವದ ಬೆಂಬಲವಿದೆ. ಆದರೆ ಒಂದು ಬಂಡೆಯ ಮುಂದೆ ಬೈಕು ನಿಂತುಬಿಟ್ಟಾಗ, ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ಮುಂಚಕ್ರವನ್ನು ಎತ್ತಬೇಕಾದ ಕ್ಷಣದಲ್ಲಿ, ಒಳಗೆ ತಿರುಗುವ ಭಾಗಗಳು ಕಡಿಮೆಯಿರುವ ಟೂ-ಸ್ಟ್ರೋಕು ಕೂಡಲೇ ಸ್ಪಂದಿಸುತ್ತದೆ. ಇಂದಿನ ಎಂಡ್ಯೂರೋ ವರ್ಗದ, ಅಂದರೆ ದೀರ್ಘ ಕಾಡುಹಾದಿಯ ಪಂದ್ಯಕ್ಕೆಂದು ಮಾಡಿದ, 300 ಸಿಸಿ ಟೂ-ಸ್ಟ್ರೋಕೂ 350 ಸಿಸಿ ಫೋರ್-ಸ್ಟ್ರೋಕೂ ಪೆಟ್ರೋಲ್ ಬಿಟ್ಟು ತೂಗಿದರೆ ಎರಡೂ 105 ಕಿಲೋಗ್ರಾಂ ಆಸುಪಾಸಿನವೇ. ಆದರೂ ಸವಾರರು ಮೊದಲನೆಯದನ್ನು ಹಗುರವೆನ್ನುವುದಕ್ಕೆ ಎರಡನೆಯದರ ಕ್ರ್ಯಾಂಕು, ಕ್ಯಾಮುಗಳ ತಿರುಗುವ ರಾಶಿ ಬೈಕಿನ ಓರೆಯಾಗುವಿಕೆಯನ್ನು ತಡೆಯುವುದೇ ಕಾರಣ. ತಕ್ಕಡಿ ಇದನ್ನು ತೋರಿಸದು.

ಆಸ್ಟ್ರಿಯಾದ ಐಸೆನೆರ್ಟ್ಸ್ ಊರಿನ ಕಬ್ಬಿಣದ ಗಣಿಬೆಟ್ಟದಲ್ಲಿ 1995ರಿಂದ ನಡೆಯುತ್ತಿರುವ ಎರ್ಟ್ಸ್‌ಬರ್ಗ್ ರೋಡಿಯೊ ಪಂದ್ಯದಲ್ಲಿ ಗ್ರಹಾಂ ಜಾರ್ವಿಸ್, ಮಾನುವೆಲ್ ಲೆಟನ್‌ಬಿಖ್ಲರ್ ಮೊದಲಾದವರು 300 ಸಿಸಿಯ ಟೂ-ಸ್ಟ್ರೋಕುಗಳಲ್ಲೇ ಮತ್ತೆ ಮತ್ತೆ ಗೆದ್ದಿರುವುದು ಈ ಕಾರಣಗಳಿಗೆ ಒಳ್ಳೆಯ ನಿದರ್ಶನ. ಅಷ್ಟಕ್ಕೇ ವಾದ ಮುಗಿಯಿತೆನ್ನುವಂತಿಲ್ಲ. ಕಾಲು ನೆಲಕ್ಕೆ ತಾಗಿಸದೆ ಬಂಡೆಗಳನ್ನು ಹತ್ತಿಳಿಯುವ ಟ್ರಯಲ್ಸ್ ಕ್ರೀಡೆ ವೇಗದಲ್ಲಿ ಇನ್ನೂ ನಿಧಾನದ್ದು, ಅಲ್ಲಿಯೂ ಹೆಚ್ಚಿನ ಕಂಪನಿಗಳು ಟೂ-ಸ್ಟ್ರೋಕನ್ನೇ ನೆಚ್ಚಿವೆ. ಆದರೂ ಸ್ಪೇನಿನ ಟೋನಿ ಬೌ 2007ರಿಂದ 2024ರವರೆಗೆ ಪ್ರತಿ ವರ್ಷವೂ ವಿಶ್ವ ಪ್ರಶಸ್ತಿ ಗೆದ್ದದ್ದು ಮೋಂಟೆಸಾದ ಫೋರ್-ಸ್ಟ್ರೋಕಿನಲ್ಲಿ. ಟೂ-ಸ್ಟ್ರೋಕೆಂಬುದು ಒಂದೇ ಬಗೆಯದೂ ಅಲ್ಲ: 125 ಸಿಸಿಯದು ಸದಾ ಕಿರುಚುತ್ತಿರಬೇಕು, ಗೇರು ತಪ್ಪಿದರೆ ಸತ್ತುಬೀಳುತ್ತದೆ, 300 ಸಿಸಿಯದು ಮೂರನೆಯ ಗೇರಿನಲ್ಲೇ ತೊರೆಯ ಕಲ್ಲುಗಳ ಮೇಲೆ ತೆವಳಬಲ್ಲದು. ಇವೆರಡರ ನಡುವಿನ ಅಂತರ 300 ಸಿಸಿಯದಕ್ಕೂ ಸೌಮ್ಯವಾದ ಒಂದು ಫೋರ್-ಸ್ಟ್ರೋಕಿಗೂ ಇರುವ ಅಂತರಕ್ಕಿಂತ ದೊಡ್ಡದು.

ಫೋರ್-ಸ್ಟ್ರೋಕಿನಲ್ಲೂ ಇಂಥದೇ ಎರಡು ಕುಲಗಳಿವೆ, ರಿಪೇರಿಯ ಖರ್ಚಿನ ಮಾತು ಬಂದಾಗ ಈ ಭೇದವನ್ನು ಮರೆಯುವುದು ದುಬಾರಿಯಾಗುತ್ತದೆ. ರೇಸಿನ ಫೋರ್-ಸ್ಟ್ರೋಕುಗಳಲ್ಲಿ ಆಯಿಲ್ ಒಂದು ಲೀಟರಿನ ಆಸುಪಾಸು, ವಾಲ್ವುಗಳು ಹಲವೆಡೆ ಟೈಟೇನಿಯಮ್ಮಿನವು, ಬದಲಾವಣೆಯ ಲೆಕ್ಕ ಕಿಲೋಮೀಟರಿನಲ್ಲಲ್ಲ, ಗಂಟೆಗಳಲ್ಲಿ. ಅವುಗಳ ವಾಲ್ವೊಂದು ಮುರಿದರೆ ತಲೆಯಿಂದ ಕ್ರ್ಯಾಂಕಿನವರೆಗೆ ಹಾನಿಯಾಗಬಹುದು. ಹೋಂಡಾ ಸಿಆರ್‌ಎಫ್250ಎಫ್‌ನಂತಹ ಗಾಳಿಯಿಂದ ತಣಿಯುವ ಟ್ರೇಲ್ ಎಂಜಿನ್ನುಗಳು ಸುಮಾರು 120 ಕಿಲೋಗ್ರಾಂ ತೂಗುವ ಬೈಕುಗಳಲ್ಲಿ ಕುಳಿತು, ಆಯಿಲ್ ಬದಲಿಸುತ್ತಿದ್ದರೆ ಸಾಕು, ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತವೆ. ಟೂ-ಸ್ಟ್ರೋಕಿನ ಪಿಸ್ಟನ್ನು, ರಿಂಗುಗಳು ಬೇಗ ಸವೆಯುವುದು ನಿಜ, ಆದರೆ ಅವನ್ನು ಸಾಧಾರಣ ಹತಾರಗಳಿಂದ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಸ್ವತಃ ಕೈ ಕೊಳೆ ಮಾಡಿಕೊಳ್ಳುವವನಿಗೆ ಟೂ-ಸ್ಟ್ರೋಕು ಅಗ್ಗ, ಮೆಕ್ಯಾನಿಕ್ಕಿಗೆ ಕೊಡುವವನಿಗೆ ಸೌಮ್ಯ ಫೋರ್-ಸ್ಟ್ರೋಕು ಅಗ್ಗ ಎಂಬುದು ಅನುಭವಕ್ಕೆ ಹತ್ತಿರದ ತೀರ್ಮಾನ.

ಹೊಗೆಯ ವಿಷಯದಲ್ಲಿ ಟೂ-ಸ್ಟ್ರೋಕಿನ ಮೇಲಿನ ಆರೋಪ ನ್ಯಾಯವಾದದ್ದೇ. 2018ರ ಮಾದರಿಗಳಲ್ಲಿ ಕೆಟಿಎಂ ತಂದ, ಮಿಶ್ರಣದ ದಾರಿಯೊಳಗೇ ಇಂಧನ ಸಿಂಪಡಿಸುವ ವ್ಯವಸ್ಥೆ ಅದನ್ನು ಕಡಿಮೆ ಮಾಡಿತು, ಅಳಿಸಲಿಲ್ಲ. ಆದರೆ ಕ್ಯಾಲಿಫೋರ್ನಿಯಾ ಹೊಗೆ ನಿಯಮಕ್ಕೆ ಹೊಂದದ ಬೈಕುಗಳಿಗೆ ಕೆಂಪು ಚೀಟಿ ಅಂಟಿಸಿ ಕೆಲವು ಪ್ರದೇಶಗಳಲ್ಲಿ ಅವುಗಳ ಓಡಾಟವನ್ನು ವರ್ಷದ ಕೆಲವು ತಿಂಗಳಿಗೆ ಸೀಮಿತಗೊಳಿಸಿದಾಗ, ರೇಸಿನ ಫೋರ್-ಸ್ಟ್ರೋಕುಗಳಿಗೂ ಅದೇ ಚೀಟಿ ಬಿತ್ತು. ಶಬ್ದದಲ್ಲಂತೂ ಫೋರ್-ಸ್ಟ್ರೋಕಿನ ತಗ್ಗುಸ್ವರ ಕಣಿವೆಗಳಲ್ಲಿ ಹೆಚ್ಚು ದೂರ ಹೋಗುತ್ತದೆ, ಹಳ್ಳಿಗರ ಸಿಟ್ಟಿಗೆ ಅದೂ ಗುರಿಯಾಗುತ್ತದೆ.

ಕರ್ನಾಟಕಕ್ಕೆ ಈ ಚರ್ಚೆ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಹೆಸರಿನ 250 ಸಿಸಿಯ ಟೂ-ಸ್ಟ್ರೋಕುಗಳನ್ನು ಹೊರತಂದಿತು. ಪೆಟ್ರೋಲ್ ಬಂಕಿನಲ್ಲಿ ಟೂಟಿ (ಟೂ-ಸ್ಟ್ರೋಕ್) ಆಯಿಲ್ ಅಳೆದು ಹಾಕಿಸಿಕೊಂಡ ನೆನಪು ಒಂದು ಇಡೀ ತಲೆಮಾರಿಗಿದೆ. ಆದರೆ ಆ ಬೈಕುಗಳಾಗಲಿ, 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಆಗಲಿ ರಸ್ತೆಗೆಂದೇ ಮಾಡಿದವು. ಅವುಗಳ ಸಸ್ಪೆನ್ಷನ್ ಗಿಡ್ಡ, ಹೊಟ್ಟೆ ನೆಲಕ್ಕೆ ಹತ್ತಿರ. ಅವನ್ನು ಮಾರ್ಪಡಿಸಿ ಮಲೆನಾಡಿನ ಏರಿಗೆ ಒಯ್ಯುವವರು ಹೊರುತ್ತಿರುವುದು ಎಂಜಿನ್ನಿನ ಮೇಲಿನ ಪ್ರೀತಿಯ ಭಾರವನ್ನು. ಈಗ ಇಲ್ಲಿ ಷೋರೂಮಿನಲ್ಲಿ ಸುಲಭದ ಬೆಲೆಗೆ ಸಿಗುವ ಹೀರೊ ಎಕ್ಸ್‌ಪಲ್ಸ್ 200 ಸೌಮ್ಯ ಸ್ವಭಾವದ ಫೋರ್-ಸ್ಟ್ರೋಕು, ನೆಲದಿಂದ 220 ಮಿಲಿಮೀಟರ್ ಎತ್ತರದ್ದು, ಆದರೆ ಸುಮಾರು 160 ಕಿಲೋಗ್ರಾಂ ಭಾರದ್ದು. ಪೆಟ್ರೋಲಿನ ತೂಕ ಕಳೆದರೂ ಎಂಡ್ಯೂರೋ ಬೈಕಿಗಿಂತ ನಲವತ್ತು ಕಿಲೋಗೂ ಹೆಚ್ಚು. ಎಸ್ಟೇಟಿನ ಮಣ್ಣುರಸ್ತೆಯಲ್ಲಿ ಈ ಭಾರ ಗೊತ್ತೇ ಆಗದು. ಕೆಸರಿನ ಹೊಂಡದಲ್ಲಿ ಮೂರನೆಯ ಸಲ ಬಿದ್ದ ಬೈಕನ್ನು ಎತ್ತುವ ಸವಾರನಿಗೆ ಮಾತ್ರ ಸ್ಟ್ರೋಕು ಎರಡೋ ನಾಲ್ಕೋ ಎಂಬುದಕ್ಕಿಂತ ಆ ನಲವತ್ತು ಕಿಲೋ ಹೆಚ್ಚು ಮುಖ್ಯವಾಗುತ್ತದೆ, ಇಲ್ಲಿಯ ಕೊಳ್ಳುಗ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ.