ಒಂದು ಪದದ ಹಾಸುಹೊಕ್ಕು

ಪದಗಳಿಗೂ ಮನುಷ್ಯರಿಗೂ ಒಂದು ಸಾಮ್ಯವುಂಟು. ಒಬ್ಬನೇ ವ್ಯಕ್ತಿಯು ಮನೆಯಲ್ಲಿ ತಂದೆ, ಕಚೇರಿಯಲ್ಲಿ ಗುಮಾಸ್ತ, ರಜೆಯಲ್ಲಿ ಊರಿಗೆ ಹೋದರೆ ಅಜ್ಜಿಯ ಮುದ್ದಿನ ಮೊಮ್ಮಗ. ಕಚೇರಿಯಲ್ಲಿ ಮಾತ್ರ ಕಂಡವನು ‘ಈತನನ್ನು ನಾನು ಪೂರ್ಣವಾಗಿ ಬಲ್ಲೆ’ ಎಂದರೆ ನಾವು ನಗುತ್ತೇವೆ. ಆದರೆ ಒಂದು ಆಂಗ್ಲ ಪದದ ಮುಂದೆ ಒಂದು ಕನ್ನಡ ಪದವನ್ನು ಬರೆದುಕೊಂಡು, ಅದನ್ನೇ ಹತ್ತು ಸಲ ಉರುಹೊಡೆದು, ‘ಈ ಪದವನ್ನು ನಾನು ಬಲ್ಲೆ’ ಎಂದು ಹೇಳುವ ವಿದ್ಯಾರ್ಥಿಯನ್ನು ಕಂಡು ನಾವು ನಗುವುದಿಲ್ಲ. ಜಾಣನೆಂದು ಬೆನ್ನು ತಟ್ಟುತ್ತೇವೆ. ಈ ಪದ್ಧತಿಯು ತಪ್ಪೆಂಬುದು ನನ್ನ ಅಭಿಪ್ರಾಯ. ಅದನ್ನು ‘ಟಿಶ್ಯೂ’ ಎಂಬ ಒಂದೇ ಪದದ ನೆರವಿನಿಂದ ವಿವರಿಸಲೆತ್ನಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯ ಇಂಗ್ಲಿಷ್ ತಾಸಿನಲ್ಲಿ ಒಂದು ವಾಕ್ಯವನ್ನು ಕನ್ನಡಕ್ಕೆ ತರಲು ಹೇಳಿದ್ದೆ. ಒಬ್ಬನ ಹೇಳಿಕೆಯೆಲ್ಲವೂ ಸುಳ್ಳಿನ ಟಿಶ್ಯೂ ಆಗಿತ್ತೆಂಬುದು ಆ ವಾಕ್ಯ. ಒಬ್ಬ ಹುಡುಗನು ಎದ್ದು ನಿಂತು, “ಅವನ ಹೇಳಿಕೆಯು ಸುಳ್ಳಿನ ಅಂಗಾಂಶವಾಗಿತ್ತು” ಎಂದನು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಆ ವಾರವೇ ವಿಜ್ಞಾನದ ಪಾಠದಲ್ಲಿ ಟಿಶ್ಯೂ ಎಂದರೆ ಅಂಗಾಂಶ ಎಂದು ಆತನು ಕಲಿತಿದ್ದನು, ಕಲಿತುದನ್ನೇ ಹೇಳಿದ್ದನು. ಅನಂತರ ಬಹಳ ದಿನ ಆತನು ಇಂಗ್ಲಿಷ್ ತಾಸಿನಲ್ಲಿ ಕೈ ಎತ್ತಲಿಲ್ಲ. ತಪ್ಪು ಆತನದಾಗಿರಲಿಲ್ಲ. ಪದದ ಒಂದು ಮುಖವನ್ನು ಮಾತ್ರ ತೋರಿಸಿ, ಉಳಿದುದನ್ನು ತೋರಿಸದೆ ಬಿಟ್ಟ ನಮ್ಮದಾಗಿತ್ತು.

ಹಾಗಾದರೆ ಆ ಪದದ ಉಳಿದ ಮುಖಗಳಾವುವು? ಇದರ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ‘ಟೆಕ್ಸೆರೆ’ ಎಂದರೆ ನೇಯುವುದು. ಅದರಿಂದ ಫ್ರೆಂಚಿನಲ್ಲಿ ‘ನೇಯ್ದದ್ದು’ ಎಂಬರ್ಥದ ಪದವು ಹುಟ್ಟಿ, ಸುಮಾರು 600 ವರ್ಷಗಳ ಹಿಂದೆ ಇಂಗ್ಲಿಷನ್ನು ಹೊಕ್ಕಿತು. ಆಗ ಅದಕ್ಕೆ ಶರೀರದೊಡನೆ ಯಾವ ಸಂಬಂಧವೂ ಇರಲಿಲ್ಲ. ಬೆಳ್ಳಿಬಂಗಾರದ ಎಳೆ ಸೇರಿಸಿ ನೇಯ್ದ ಬೆಲೆಬಾಳುವ ಬಟ್ಟೆಗೆ ಆ ಹೆಸರು. ಈ ಅರ್ಥವು ಸತ್ತಿದೆಯೆಂದು ತಿಳಿಯಬೇಡಿರಿ. ದಾದರದ ಸೀರೆ ಅಂಗಡಿಯಲ್ಲಿ ನಿಮ್ಮ ತಾಯಿಯವರು ‘ಟಿಶ್ಯೂ ಸೀರೆ ತೋರಿಸಿ’ ಎಂದಾಗ, ಜರಿಯ ಎಳೆಯನ್ನು ಹೊಕ್ಕಾಗಿಸಿ ನೇಯ್ದ ಹೊಳೆಯುವ ಸೀರೆಯು ಹೊರಬರುತ್ತದೆ. ಆರು ಶತಮಾನಗಳ ಹಳೆಯ ಅರ್ಥವನ್ನು ಅವರು ಅರಿಯದೆಯೇ ಕಾಪಾಡುತ್ತಿರುವರು! ಮುಂದೆ ತೆಳುವಾದ ಕಾಗದಕ್ಕೂ ಅದೇ ಹೆಸರು ಬಂದಿತು. ಇಂದು ಉಡುಪಿ ಹೋಟೆಲಿನ ಮೇಜಿನ ಮೇಲೆ ಕೈಯೊರೆಸಲು ಇಟ್ಟಿರುವುದೂ ಟಿಶ್ಯೂವೇ.

ಶರೀರಕ್ಕೆ ಈ ಪದವು ಅಂಟಿಕೊಂಡ ಕಥೆಯೂ ಸ್ವಾರಸ್ಯವಾದುದು. ಫ್ರಾನ್ಸಿನಲ್ಲಿ ಬಿಶಾ ಎಂಬ ವೈದ್ಯನಿದ್ದನು. ಆತನು ಶವಗಳನ್ನು ಕೊಯ್ದು, ಅಂಗಗಳ ಭಾಗಗಳನ್ನು ಬೇಯಿಸಿ, ಒಣಗಿಸಿ, ಆಮ್ಲದಲ್ಲಿಟ್ಟು ಪರೀಕ್ಷಿಸಿದನು. ಹೃದಯ, ಜಠರ, ಶ್ವಾಸಕೋಶ ಬೇರೆಬೇರೆ ಅಂಗಗಳಾದರೂ ಅವೆಲ್ಲವೂ ಕೆಲವೇ ಬಗೆಯ ‘ಬಟ್ಟೆ’ಗಳಿಂದ ಆದವೆಂದು ಕಂಡುಕೊಂಡನು. 1801ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಂಥ 21 ಬಗೆಗಳನ್ನು ಎಣಿಸಿದನು. ಇದನ್ನೆಲ್ಲ ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ಸಾಧಿಸಿದನೆಂಬುದು ಆಶ್ಚರ್ಯ. ಮರುವರ್ಷವೇ, ಕೇವಲ 30ನೆಯ ವಯಸ್ಸಿನಲ್ಲಿ ತೀರಿಕೊಂಡನು. ಇಂದು ನಾವು ಪ್ರಾಣಿಗಳಲ್ಲಿ ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ನಾಲ್ಕು ಮುಖ್ಯ ಅಂಗಾಂಶಗಳನ್ನು ಓದುತ್ತೇವೆ. ಇವುಗಳ ಅಧ್ಯಯನಕ್ಕೆ ಹಿಸ್ಟಾಲಜಿ ಎಂಬ ಹೆಸರು ಹುಟ್ಟಿದುದು 1819ರಲ್ಲಿ. ಗ್ರೀಕಿನಲ್ಲಿ ‘ಹಿಸ್ಟೋಸ್’ ಎಂದರೆ ಮಗ್ಗ! ಶರೀರಶಾಸ್ತ್ರಜ್ಞರು ಎತ್ತ ತಿರುಗಿದರೂ ನೇಕಾರನ ಮನೆಯ ಬಾಗಿಲನ್ನೇ ತಟ್ಟಿದಂತಾಯಿತು.

ಈಗ ನಮ್ಮ ಭಾಷೆಗಳತ್ತ ನೋಡೋಣ. ಹಿಂದಿಯಲ್ಲಿ ಟಿಶ್ಯೂವಿಗೆ ‘ಊತಕ’ ಎನ್ನುತ್ತಾರೆ, ಮರಾಠಿಯಲ್ಲಿ ‘ಊತಿ’. ಇವೆರಡೂ ನೇಯುವುದು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದವು. ನಾವು ‘ಓತಪ್ರೋತವಾಗಿ ಮಾತನಾಡಿದನು’ ಎನ್ನುವಾಗಿನ ಓತಪ್ರೋತವೂ ಅದೇ ಧಾತುವಿನದು; ಉದ್ದಕ್ಕೂ ಅಡ್ಡಕ್ಕೂ ನೇಯ್ದದ್ದು ಎಂದು ಅದರ ಮೂಲಾರ್ಥ. ಕನ್ನಡದಲ್ಲಿ ಮಾತ್ರ ‘ಅಂಗಾಂಶ’, ಅಂಗದ ಅಂಶ. ಇದರಲ್ಲಿ ನೇಯ್ಗೆಯ ನೆನಪಿಲ್ಲ. ಇದೊಂದು ಕೊರತೆಯೆ? ನಾನು ಹಾಗೆ ಭಾವಿಸುವುದಿಲ್ಲ. ‘ಊತಕ’ವನ್ನು ಕನ್ನಡಕ್ಕೆ ತಂದರೆ ಕಾಲಿಗೆ ಊತ ಬಂದುದೇ ಮೊದಲು ನೆನಪಾಗುವುದು. ಅಂಗಾಂಶವೆಂಬ ಪದವಾದರೋ ಆ ವಸ್ತುವು ಎಲ್ಲಿ ನಿಲ್ಲುತ್ತದೆಂದು ಕೂಡಲೇ ತಿಳಿಸುತ್ತದೆ: ಜೀವಕೋಶಕ್ಕಿಂತ ಮೇಲೆ, ಅಂಗಕ್ಕಿಂತ ಕೆಳಗೆ. ಊತಕವು ಅದರ ರೂಪವನ್ನು ಹೇಳಿದರೆ, ಅಂಗಾಂಶವು ಅದರ ಸ್ಥಾನವನ್ನು ಹೇಳುತ್ತದೆ. ಎರಡನ್ನೂ ಬಲ್ಲವನಿಗೆ ವಸ್ತುವು ಪೂರ್ಣವಾಗಿ ಕಾಣುವುದು.

ಸುಳ್ಳಿನ ವಿಷಯಕ್ಕೆ ಮರಳೋಣ. ಎಳೆಗೆ ಎಳೆ ಸೇರಿಸಿ ನೇಯ್ದ ಸುಳ್ಳಿಗೆ ಆಂಗ್ಲರು ಟಿಶ್ಯೂ ಎಂದರು. ನಮ್ಮವರು ‘ಸುಳ್ಳಿನ ಕಂತೆ’ ಎಂದರು. ಕಂತೆಯೆಂದರೆ ಹೊರೆ ಮಾತ್ರವಲ್ಲ. ಚಿಂದಿಗೆ ಚಿಂದಿ ಹೊಲಿದ ಹರಕು ಹೊದಿಕೆಯೂ ಹೌದು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು. ನೋಡಿರಿ, ಅಲ್ಲಿಯೂ ಬಟ್ಟೆ, ಇಲ್ಲಿಯೂ ಬಟ್ಟೆ! ಅಂದು ಆ ಹುಡುಗನಿಗೆ ನಾನು ಇದನ್ನು ಹೇಳಿದ್ದರೆ, ಉತ್ತರವನ್ನು ತನ್ನ ಅಜ್ಜಿಯ ಮಾತಿನಲ್ಲಿಯೇ ಆತನು ಹುಡುಕಿಕೊಳ್ಳುತ್ತಿದ್ದನು.

‘ಕನ್ನಡ ಮಾಧ್ಯಮದಲ್ಲಿ ಓದಿದವನು ಕಾಲೇಜಿನಲ್ಲಿ ಇಂಗ್ಲಿಷಿನ ಮುಂದೆ ತಡವರಿಸುವನು’ ಎಂಬ ಮಾತನ್ನು ಈ ಮಹಾನಗರದಲ್ಲಿ ನೀವು ದಿನವೂ ಕೇಳುತ್ತೀರಿ. ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಮೊದಲ ಕೆಲವು ತಿಂಗಳು ಕಷ್ಟವಾಗುವುದುಂಟು. ಇಂಗ್ಲಿಷನ್ನು ನಾವು ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ತಡವರಿಕೆಗೆ ಕಾರಣ ಕನ್ನಡವಲ್ಲ, ಉರುಹೊಡೆಯುವಿಕೆ. ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಯೂ ಟಿಶ್ಯೂವಿನ ವ್ಯಾಖ್ಯೆಯನ್ನು ಉರುಹೊಡೆದಿದ್ದರೆ ಅದರೊಳಗಿನ ಮಗ್ಗವನ್ನು ಕಾಣಲಾರನು. ಕನ್ನಡದ ಅಂಗಾಂಶ, ಹಿಂದಿಯ ಊತಕ, ಮರಾಠಿಯ ಊತಿ, ಇಂಗ್ಲಿಷಿನ ಟಿಶ್ಯೂ ಈ ನಾಲ್ಕೂ ಕಿವಿಗೆ ಬೀಳುವ ಮುಂಬಯಿಯ ಕನ್ನಡ ವಿದ್ಯಾರ್ಥಿಯು ಬಡವನೋ ಶ್ರೀಮಂತನೋ, ನೀವೇ ಯೋಚಿಸಿರಿ.

ನಮ್ಮ ಈ ನಗರವು ಬಟ್ಟೆಯ ಗಿರಣಿಗಳಿಂದ ಬೆಳೆದ ನಗರ. 1982ರ ದೀರ್ಘ ಮುಷ್ಕರದ ಅನಂತರ ಪರಳ, ಲಾಲಬಾಗಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮಗ್ಗಗಳ ಸದ್ದಡಗಿದರೂ ಅವು ಕಲಿಸಿದ ಪಾಠ ಅಳಿಯಬೇಕಾಗಿಲ್ಲ. ಒಂದೇ ಎಳೆಯಿಂದ ಬಟ್ಟೆಯಾಗದು. ಹಾಸಿನೊಡನೆ ಹೊಕ್ಕು ಸೇರಬೇಕು. ವಿದ್ಯೆಯೂ ಅಂತೆಯೇ. ಕನ್ನಡವು ನಿಮ್ಮ ಹಾಸಾಗಿರಲಿ. ಉಳಿದ ಭಾಷೆಗಳು ಹೊಕ್ಕಾಗಿ ಬರಲಿ.

ಆದುದರಿಂದ, ಪ್ರಿಯ ವಿದ್ಯಾರ್ಥಿಗಳೇ, ಹೊಸ ಪದವು ಎದುರಾದಾಗ ‘ಇದರ ಅರ್ಥವೇನು?’ ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿರಿ. ‘ಇದು ಎಲ್ಲಿಂದ ಬಂದಿತು? ಇನ್ನೆಲ್ಲಿ ಇದನ್ನು ಬಳಸುವರು? ನಮ್ಮ ಮನೆಯಲ್ಲಿ ಇದಕ್ಕೇನೆನ್ನುವರು?’ ಎಂದೂ ಕೇಳಿರಿ. ಉತ್ತರ ತಪ್ಪಿದರೆ ತಪ್ಪಲಿ, ಕೈ ಎತ್ತಿರಿ. ಇನ್ನು ಮೇಲೆ ನಾನು ನಗುವುದಿಲ್ಲ.